ಲ್ಯಾಪ್‌ಟಾಪಿನೊಳಗೊಂದು ವಿಂಡೋಸ್, ಅದಕ್ಕೊಂದು ಲೈಸೆನ್ಸು

"ಯೂನಿಕೋಡ್ ಬೇಡ ಮಾರಾಯಾ, ನುಡಿಯಲ್ಲೇ ಕೊಡು. ನಮ್ಮ ಹುಡುಗ ಪೇಜ್‌ಮೇಕರ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಲ್ಲ."

ಪ್ರೆಸ್ಸಿನ ಅಣ್ಣನಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಶಿವಮೊಗ್ಗದಲ್ಲಿ ಮನೆಯಿಂದಲೇ ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಸ್ಮರಣ ಸಂಚಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಲಗ್ನಪತ್ರಿಕೆ, ಅಪರೂಪಕ್ಕೊಂದು ಕವನ ಸಂಕಲನ. ದಿನವಿಡೀ ಕೂರುವುದು ಉಬುಂಟು ಮುಂದೆ, ಅಂದರೆ ವಿಂಡೋಸಿನ ಬದಲು ಬಳಸುವ ಒಂದು ಉಚಿತ ಲಿನಕ್ಸ್. ಅದರಲ್ಲಿ ಕನ್ನಡ ಟೈಪಿಂಗಿಗೆ ಕೊರತೆಯಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಮೇಲೆ ನಿಂತ ಕೀಲಿಮಣೆಯೇ ಐಬಸ್ ಅನ್ನುವ ಟೈಪಿಂಗ್ ವ್ಯವಸ್ಥೆಯಲ್ಲಿ ಕೆಜಿಪಿ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಆದರೆ ಪ್ರೆಸ್ಸಿಗೆ ಬೇಕಾಗಿದ್ದು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನ ಫೈಲು. ಯೂನಿಕೋಡಿನಲ್ಲಿರುವ ಹಾಗೆ ಆ ಫಾಂಟಿನಲ್ಲಿ ಕನ್ನಡ ಅಕ್ಷರಕ್ಕೆ ತನ್ನದೇ ಆದ ಸಂಕೇತ ಇರುವುದಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ತೆರೆದರೆ ಇಡೀ ಪುಟ ಅರ್ಥವಿಲ್ಲದ ಗೀಚಿನಂತೆ ಕಾಣುತ್ತದೆ. ನನ್ನ ಹದಿನೈದು ವರ್ಷದ ಕೆಲಸ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ.

ನುಡಿ ಓಡುವುದು ವಿಂಡೋಸಿನಲ್ಲಿ. ಇದಕ್ಕೆಲ್ಲ ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇತ್ತು. ವಿಂಡೋಸ್ 10. ಅದರ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟು 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತದೆ ಅಂತ ಮೊದಲೇ ಗೊತ್ತಿತ್ತು. ವಿಂಡೋಸ್ 11 ಹಾಕೋಣ ಅಂದರೆ ಆ ಯಂತ್ರದಲ್ಲಿ ಅದು ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲ. ಹೊಸ ಡೆಸ್ಕ್‌ಟಾಪ್ ಕೊಳ್ಳುವ ಬದಲು, ನನ್ನ ಉಬುಂಟು ಲ್ಯಾಪ್‌ಟಾಪಿನೊಳಗೇ ವರ್ಚುವಲ್ ಮಷೀನ್ (ವಿಎಂ, ಅಂದರೆ ತಂತ್ರಾಂಶದಿಂದಲೇ ಮಾಡಿದ ಕಂಪ್ಯೂಟರ್) ಒಂದನ್ನು ಮಾಡಿ ಅದರಲ್ಲಿ ವಿಂಡೋಸ್ 11 ಕೂರಿಸುವುದು ಅಂತ ನಿರ್ಧರಿಸಿದೆ. ಒಂದು ಭಾನುವಾರದ ಕೆಲಸ ಅಂದುಕೊಂಡಿದ್ದೆ. ಮೇ ತಿಂಗಳಲ್ಲಿ ಶುರುವಾಗಿದ್ದು ಮುಗಿಯುವಾಗ ಸೆಪ್ಟೆಂಬರ್.

ಮೊದಲು ಯಾವ ಸಾಫ್ಟ್‌ವೇರ್ ಅನ್ನುವುದು. ವರ್ಚುವಲ್‌ಬಾಕ್ಸ್ ಎಲ್ಲರಿಗೂ ಗೊತ್ತಿರುವುದು, ಸುಲಭವೂ ಹೌದು. 2022ರಲ್ಲಿ ಬಂದ 7.0 ಆವೃತ್ತಿಯಿಂದ ಅದರಲ್ಲಿ ಟಿಪಿಎಂ, ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದ ಮಾತ್ರ ಯಂತ್ರ ಶುರುವಾಗುವಂತೆ ನೋಡಿಕೊಳ್ಳುವ ವ್ಯವಸ್ಥೆ) ಎರಡೂ ಇವೆ. ಅದರ ಮೂಲ ಪ್ಯಾಕೇಜು ಮುಕ್ತ ತಂತ್ರಾಂಶ. ಆದರೆ ಹೆಚ್ಚಿನ ಸೌಲಭ್ಯಕ್ಕೆ ಬೇರೆಯಾಗಿ ಇಳಿಸಿಕೊಳ್ಳುವ ಎಕ್ಸ್‌ಟೆನ್ಶನ್ ಪ್ಯಾಕಿಗೆ ಬೇರೆ ಲೈಸೆನ್ಸು. ಸ್ವಂತ ಬಳಕೆಗೆ, ಪರೀಕ್ಷಿಸಿ ನೋಡುವುದಕ್ಕೆ, ಪಾಠಕ್ಕೆ ಉಚಿತ, ವ್ಯಾಪಾರಕ್ಕಲ್ಲ. ನಾನು ಮಾಡುವುದು ದುಡ್ಡಿನ ಕೆಲಸ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರಿನಿಂದ ವ್ಯಾಪಾರಕ್ಕೂ ಉಚಿತವಾಗಿದೆ, ಅದೂ ಒಳ್ಳೆಯ ದಾರಿಯೇ. ನಾನು ಹಿಡಿದದ್ದು ಕೆವಿಎಂ. ಅದು 2007ರಿಂದ ಲಿನಕ್ಸ್ ಕರ್ನಲ್ಲಿನೊಳಗೇ ಇದೆ, ಹೊರಗಿನಿಂದ ತರಬೇಕಾದ್ದಿಲ್ಲ. ಮೇಲೆ ವರ್ಟ್-ಮ್ಯಾನೇಜರ್ ಹಾಕಿಕೊಂಡರೆ ಮೌಸಿನಲ್ಲೇ ಎಲ್ಲ ಮಾಡಬಹುದು.

ಲ್ಯಾಪ್‌ಟಾಪಿನ ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗುಗಳಲ್ಲಿ), ವಿಎಂ ಓಡಿಸಲು ಪ್ರೊಸೆಸರಿಗೆ ಅನುಮತಿ ಕೊಡುವ ಎಸ್‌ವಿಎಂ ಅನ್ನುವ ಆಯ್ಕೆ ಆಫ್ ಆಗಿತ್ತು. ಇಂಟೆಲ್ ಪ್ರೊಸೆಸರ್ ಆದರೆ ವಿಟಿ-ಎಕ್ಸ್ ಅಂತ ಇರುತ್ತದೆ. ಅದನ್ನು ಆನ್ ಮಾಡದೆ ಮುಂದಕ್ಕೆ ಹೋಗುವ ಹಾಗಿಲ್ಲ. ಆಮೇಲೆ ಹೊಸ ವಿಎಂ ಮಾಡುವಾಗ "ಇನ್‌ಸ್ಟಾಲ್‌ಗೆ ಮೊದಲು ಸೆಟ್ಟಿಂಗ್ ಬದಲಾಯಿಸುತ್ತೇನೆ" ಅನ್ನುವ ಚೌಕಕ್ಕೆ ಟಿಕ್ ಹಾಕಿದೆ. ಚಿಪ್‌ಸೆಟ್ ಕ್ಯೂ35, ಫರ್ಮ್‌ವೇರ್ ಸೆಕ್ಯೂರ್ ಬೂಟ್ ಇರುವ ಯುಇಎಫ್‌ಐ (ಈಗಿನ ಕಾಲದ ಬಯೋಸ್), ಮೆಮೊರಿ 8 ಜಿಬಿ, ಡಿಸ್ಕ್ 80 ಜಿಬಿ. ವಿಂಡೋಸ್ 11 ಕೇಳುವುದು ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಡಿಸ್ಕ್. 80 ಅಂತ ಕೊಟ್ಟರೂ ಲ್ಯಾಪ್‌ಟಾಪಿನಲ್ಲಿ ಅಷ್ಟು ಜಾಗ ಒಮ್ಮೆಲೇ ಹೋಗುವುದಿಲ್ಲ, ಫೈಲು ತುಂಬಿದ ಹಾಗೆ ಬೆಳೆಯುತ್ತದೆ. ಟಿಪಿಎಂ ಚಿಪ್ಪಿನ ಬದಲಿಗೆ ಎಸ್‌ಡಬ್ಲ್ಯೂಟಿಪಿಎಂ ಅನ್ನುವ ಪ್ಯಾಕೇಜು. ಚಿಪ್ ಮಾಡುವ ಕೆಲಸವನ್ನು ಅದೇ ಮಾಡುತ್ತದೆ.

ಸೆಟಪ್ ಶುರುವಾಯಿತು. ಭಾಷೆ ಆರಿಸಿದೆ, ಮುಂದೆ, ಮುಂದೆ. ಡಿಸ್ಕ್ ಆರಿಸುವ ಪರದೆ ಬಂತು. ಪಟ್ಟಿ ಖಾಲಿ. ಯಾವ ಡ್ರೈವೂ ಸಿಗಲಿಲ್ಲ ಅನ್ನುವ ಒಂದು ಸಾಲು ಮಾತ್ರ.

ಅರ್ಧ ಗಂಟೆ ಡಿಸ್ಕ್ ಫೈಲನ್ನು ಅಳಿಸಿ, ಮತ್ತೆ ಮಾಡಿ, ಅದೇ ಖಾಲಿ ಪಟ್ಟಿಯನ್ನು ನೋಡಿದೆ. ವಿಷಯ ಇಷ್ಟೇ. ನಾನು ಡಿಸ್ಕನ್ನು ವಿಎಂಗಳಿಗೆಂದೇ ಇರುವ ವರ್ಟ್‌ಐಒ ಬಗೆಯದ್ದು ಅಂತ ಕೊಟ್ಟಿದ್ದೆ. ಅದು ವೇಗವಾಗಿ ಕೆಲಸ ಮಾಡುತ್ತದೆ, ಆದರೆ ಅದರ ಡ್ರೈವರು ವಿಂಡೋಸಿನ ಜೊತೆ ಬರುವುದಿಲ್ಲ. ವರ್ಟ್‌ಐಒ-ವಿನ್ ಅನ್ನುವ ಐಎಸ್‌ಒ ಫೈಲನ್ನು ಬೇರೆಯಾಗಿ ಇಳಿಸಿಕೊಂಡು, ಎರಡನೇ ಸಿಡಿ ಡ್ರೈವ್ ಅಂತ ವಿಎಂಗೆ ತೋರಿಸಬೇಕು. ಸೆಟಪ್‌ನಲ್ಲಿ ಲೋಡ್ ಡ್ರೈವರ್ ಒತ್ತಿ, ವಿಯೋಸ್ಟೋರ್ ಫೋಲ್ಡರ್, ಅದರೊಳಗೆ ಡಬ್ಲ್ಯೂ11, ಅದರೊಳಗೆ ಎಎಂಡಿ64. ನಿಮ್ಮದು ಇಂಟೆಲ್ ಆದರೂ ಎಎಂಡಿ64ನೇ ಆರಿಸಬೇಕು; 64 ಬಿಟ್‌ಗೆ ಇಟ್ಟ ಹೆಸರು ಅದು. ರೆಡ್ ಹ್ಯಾಟ್ ಹೆಸರಿನ ಒಂದು ಕಂಟ್ರೋಲರ್ ಪಟ್ಟಿಯಲ್ಲಿ ಬಂತು. ಒತ್ತಿದೆ. 80 ಜಿಬಿ ಡಿಸ್ಕ್ ಕಣ್ಣೆದುರು ಬಂದಾಗ ಆದ ಖುಷಿ ಈಗಲೂ ನೆನಪಿದೆ.

ಒಂದು ಗಂಡಾಂತರ ದಾಟಿದರೆ ಇನ್ನೊಂದು. ವಿಂಡೋಸ್ 11ರ ಹೋಮ್ ಮತ್ತು ಪ್ರೊ ಆವೃತ್ತಿಗಳೆರಡೂ ಸೆಟಪ್‌ನ ಕೊನೆಯಲ್ಲಿ ಇಂಟರ್ನೆಟ್ ಕೇಳುತ್ತವೆ. ನೆಟ್‌ವರ್ಕ್ ಕಾರ್ಡನ್ನೂ ನಾನು ವರ್ಟ್‌ಐಒ ಮಾಡಿದ್ದರಿಂದ ಅದಕ್ಕೂ ಡ್ರೈವರ್ ಇಲ್ಲ. ವಿಎಂ ಆಫ್ ಮಾಡಿ, ಕಾರ್ಡಿನ ಮಾದರಿಯನ್ನು ಇ1000ಇ ಅಂತ ಬದಲಾಯಿಸಿದೆ. ಅದು ಇಂಟೆಲ್ಲಿನ ಹಳೇ ಕಾರ್ಡಿನ ನಕಲು, ವಿಂಡೋಸಿಗೆ ಅದರ ಪರಿಚಯ ಮೊದಲೇ ಇದೆ. ನೆಟ್ ಬಂತು, ಸೆಟಪ್ ಮುಗಿಯಿತು.

ಇನ್ನು ಲೈಸೆನ್ಸು. ನಿಜವಾದ ಕಥೆ ಇಲ್ಲಿಂದ.

ನನ್ನ ಲ್ಯಾಪ್‌ಟಾಪ್ ಬರುವಾಗಲೇ ವಿಂಡೋಸ್ 11 ಹೋಮ್ ಹಾಕಿಕೊಂಡು ಬಂದಿತ್ತು. ಅದನ್ನು ಅಳಿಸಿ ಉಬುಂಟು ಹಾಕಿದ್ದೆ. ಹಾಗಾದರೆ ದುಡ್ಡು ಕೊಟ್ಟು ಕೊಂಡ ಲೈಸೆನ್ಸು ನನ್ನ ಹತ್ತಿರ ಇದೆಯಲ್ವಾ? ಹುಡುಕಿದರೆ ಆ ಲೈಸೆನ್ಸಿನ ಕೀ ಎಲ್ಲೂ ಹೋಗಿಲ್ಲ. ಕಂಪನಿಯವರು ಅದನ್ನು ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ ಎಂಎಸ್‌ಡಿಎಂ ಅನ್ನುವ ಟೇಬಲ್ಲಿನಲ್ಲಿ ಬರೆದಿರುತ್ತಾರೆ. ಲಿನಕ್ಸ್ ಟರ್ಮಿನಲ್ಲಿನಲ್ಲಿ ಒಂದೇ ಸಾಲಿನ ಕಮಾಂಡ್ ಕೊಟ್ಟರೆ 25 ಅಕ್ಷರಗಳ ಕೀ ಹಾಗೇ ಕಾಣುತ್ತದೆ. ನೋಡಿ ಕಾಗದದಲ್ಲಿ ಬರೆದುಕೊಂಡೂ ಬಿಟ್ಟೆ.

ಆದರೆ ಹಾಕುವ ಮೊದಲು ಕೇಳಿ ನೋಡೋಣ ಅಂತ ಪರಿಚಯದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು ತಲೆ ಅಲ್ಲಾಡಿಸಿದರು. "ಅದು ಓಇಎಂ ಲೈಸೆನ್ಸು ಸರ್. ಆ ಯಂತ್ರದ ಜೊತೆ ಹುಟ್ಟಿದ್ದು, ಆ ಯಂತ್ರದ ಜೊತೆಗೇ ಹೋಗುತ್ತೆ."

"ಇದೂ ಅದೇ ಲ್ಯಾಪ್‌ಟಾಪ್ ಅಲ್ವಾ? ವಿಎಂ ಅದರೊಳಗೇ ಇರುತ್ತಲ್ಲ?"

"ಲ್ಯಾಪ್‌ಟಾಪ್ ಅದೇ ಸರ್. ವಿಎಂ ಬೇರೆ ಯಂತ್ರ."

ಆ ದಿನ ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೂ ಓಇಎಂ ಕೀ ಹಾಕಲಿಲ್ಲ. ಅದರ ಬದಲು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಆನ್‌ಲೈನಿನಲ್ಲಿ ಒಬ್ಬರು ವಿಂಡೋಸ್ 11 ಪ್ರೊ ಕೀಯನ್ನು ಕೆಲವು ನೂರು ರೂಪಾಯಿಗೆ ಮಾರುತ್ತಿದ್ದರು. ಅಂಗಡಿ ಬೆಲೆ ಹತ್ತಿರ ಹತ್ತಿರ ನನ್ನ ಒಂದು ಸಂಚಿಕೆಯ ಸಂಪಾದನೆ. ಕಡಿಮೆಯದನ್ನೇ ಕೊಂಡೆ. ಕೀ ಇಮೇಲಿನಲ್ಲಿ ಬಂತು, ಹಾಕಿದೆ, ಆಕ್ಟಿವೇಟ್ ಆಯಿತು. ನುಡಿ ಹಾಕಿದೆ, ಹಳೇ ಫೈಲುಗಳನ್ನೆಲ್ಲ ತಂದೆ, ಕೆಲಸ ಶುರು ಮಾಡಿದೆ.

ಮೂರು ತಿಂಗಳು ಏನೂ ತೊಂದರೆಯಿಲ್ಲ. ಗಣೇಶ ಹಬ್ಬದ ಹಿಂದಿನ ವಾರ, ಎರಡು ಗಣಪತಿ ಸಮಿತಿಗಳ ಸಂಚಿಕೆ ಕೈಯಲ್ಲಿರುವಾಗ, ಪರದೆಯ ಬಲಮೂಲೆಯಲ್ಲಿ ತೆಳು ಬೂದು ಬಣ್ಣದ ಎರಡು ಸಾಲು ಬಂತು. ವಿಂಡೋಸ್ ಆಕ್ಟಿವೇಟ್ ಮಾಡಿ. ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ.

ಆಗ ಯಾರೋ ಹೇಳಿದ ಒಂದು ಕಮಾಂಡ್ ಕೊಟ್ಟು ನೋಡಿದೆ. ಎಸ್‌ಎಲ್‌ಎಂಜಿಆರ್, ಒಂದು ಖಾಲಿ ಜಾಗ, ಒಂದು ಓರೆಗೆರೆ, ಡಿಎಲ್‌ವಿ. ಕೆಲವು ಸೆಕೆಂಡಿನ ನಂತರ ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಅದರ ಮೇಲುಗಡೆಯ ಸಾಲುಗಳಲ್ಲೇ ಉತ್ತರ ಇತ್ತು: ವಾಲ್ಯೂಮ್ ಎಂಎಕೆ ಚಾನೆಲ್. ಅಂದರೆ ಯಾವುದೋ ಸಂಸ್ಥೆ ತನ್ನ ಹತ್ತಾರು, ನೂರಾರು ಯಂತ್ರಗಳಿಗೆ ಅಂತ ಒಟ್ಟಾಗಿ ಪಡೆದ ಕೀ. ಪ್ರತಿ ಆಕ್ಟಿವೇಶನ್ನಿಗೆ ಅದರ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ. ಬಿಡಿ ಬಿಡಿಯಾಗಿ ಹೊರಗಿನವರಿಗೆ ಮಾರುವುದಕ್ಕೆ ಅದಲ್ಲ. ನನಗೆ ಮಾರಿದವರಿಗೆ ಮಾರುವ ಹಕ್ಕೇ ಇರಲಿಲ್ಲ, ಹಾಗಾಗಿ ನಾನು ಕೊಂಡದ್ದು ಲೈಸೆನ್ಸೇ ಆಗಿರಲಿಲ್ಲ. ಇದನ್ನು ಓದುವವರಲ್ಲಿ ಯಾರಾದರೂ ಅಂಥ ಕೀ ಕೊಂಡಿದ್ದರೆ ಇವತ್ತೇ ಈ ಕಮಾಂಡ್ ಕೊಟ್ಟು ನೋಡಿ. ಅಂಗಡಿಯಿಂದ ಕೊಂಡದ್ದಾದರೆ ರಿಟೇಲ್ ಅಂತ ಬರಬೇಕು.

ಹಬ್ಬದ ಕೆಲಸವನ್ನು ಹಳೇ ಡೆಸ್ಕ್‌ಟಾಪಿನಲ್ಲೇ ಹೇಗೋ ಮುಗಿಸಿ ಕೊಟ್ಟೆ. ಆಮೇಲೆ ಒಂದು ಸಂಜೆ ಕೂತು, ಮೈಕ್ರೋಸಾಫ್ಟ್ ತನ್ನ ಸೈಟಿನಲ್ಲಿ ಇಟ್ಟಿರುವ ವಿಂಡೋಸ್ ಲೈಸೆನ್ಸ್ ಕರಾರನ್ನು ಮೊದಲಿನಿಂದ ಕೊನೆವರೆಗೆ ಓದಿದೆ. ನಾವೆಲ್ಲ "ಒಪ್ಪಿದೆ" ಅಂತ ಒತ್ತಿ ದಾಟಿಬಿಡುವ ಕಾಗದ ಅದು. ಅದರಲ್ಲಿ ವರ್ಚುವಲ್ ಬಳಕೆಗೆ ಅಂತಲೇ ಒಂದು ಪ್ಯಾರಾ ಇದೆ. ನನಗೆ ಅರ್ಥವಾದಂತೆ ಹೇಳುತ್ತೇನೆ: ಒಂದು ಲೈಸೆನ್ಸಿಗೆ ಒಂದು ಯಂತ್ರದಲ್ಲಿ ಒಂದು ಪ್ರತಿ, ಆ ಯಂತ್ರ ನಿಜದ್ದಾದರೂ ಸರಿ, ವರ್ಚುವಲ್ ಆದರೂ ಸರಿ. ಎರಡು ವಿಎಂ ಬೇಕಾದರೆ ಎರಡು ಲೈಸೆನ್ಸು. ರಿಟೇಲ್ ಆದರೆ ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಒಯ್ಯಬಹುದು. ಯಂತ್ರದ ಜೊತೆ ಬಂದದ್ದಾದರೆ ಆ ಯಂತ್ರದ ಜೊತೆಗೇ.

ಅಂಗಡಿಯವರು ಅವತ್ತು ಹೇಳಿದ್ದು ಅಕ್ಷರಕ್ಕಕ್ಷರ ಸರಿ ಇತ್ತು. ನಾನು ವಿಎಂ ಅಂದರೆ ಲ್ಯಾಪ್‌ಟಾಪಿನೊಳಗಿನ ಒಂದು ಫೈಲು ಅಂತ ನೋಡುತ್ತಿದ್ದೆ. ಲೈಸೆನ್ಸಿನ ಕಣ್ಣಿಗೆ ಅದು ಮೇಜಿನ ಮೇಲಿಟ್ಟ ಇನ್ನೊಂದು ಕಂಪ್ಯೂಟರು. ಇದು ಮನಸ್ಸಿಗೆ ಹೊಕ್ಕ ಮೇಲೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಂಡಿತು.

ಇಲ್ಲಿ ಒಂದು ಮಾತು. ಲ್ಯಾಪ್‌ಟಾಪಿನ ಜೊತೆ ಬಂದ ವಿಂಡೋಸನ್ನು ನೀವಿನ್ನೂ ಅಳಿಸಿಲ್ಲ ಅಂದರೆ, ಅಳಿಸಬೇಡಿ. ಪಕ್ಕದಲ್ಲೇ ಲಿನಕ್ಸ್ ಹಾಕಿಕೊಂಡು, ಬೇಕಾದಾಗ ಅದಕ್ಕೆ ಬೂಟ್ ಮಾಡಿದರೆ ಒಂದು ರೂಪಾಯಿಯೂ ಖರ್ಚಿಲ್ಲ, ಲೈಸೆನ್ಸಿನ ತಕರಾರೂ ಇಲ್ಲ. ನನಗೆ ದಿನಕ್ಕೆ ಹತ್ತು ಸಲ ಆಚೆ ಈಚೆ ಓಡಾಡಬೇಕು. ಪ್ರತಿ ಸಲ ರೀಸ್ಟಾರ್ಟ್ ಮಾಡುತ್ತಾ ಕೂರಲು ಆಗುವುದಿಲ್ಲ. ಅದಕ್ಕೇ ವಿಎಂ.

ಅಂಗಡಿಯಿಂದ ವಿಂಡೋಸ್ 11 ಹೋಮ್ ರಿಟೇಲ್ ಕೊಂಡೆ. ನುಡಿ, ವರ್ಡ್, ಪಿಡಿಎಫ್ ನೋಡುವುದಕ್ಕೆ ಪ್ರೊ ಯಾಕೆ? ಆದರೆ ವಿಎಂನಲ್ಲಿ ಇದ್ದದ್ದು ಪ್ರೊ. ಹೋಮ್‌ನಿಂದ ಪ್ರೊಗೆ ಏರುವುದು ಸುಲಭ, ಕೀ ಬದಲಾಯಿಸಿದರೆ ಆಯಿತು. ಪ್ರೊನಿಂದ ಹೋಮ್‌ಗೆ ಇಳಿಯಲು ದಾರಿಯಿಲ್ಲ. ಮತ್ತೆ ಮೊದಲಿನಿಂದ ಇನ್‌ಸ್ಟಾಲ್.

ಈ ಸಲ ನಿಧಾನವಾಗಿ ಮಾಡಿದೆ. ಆಕ್ಟಿವೇಶನ್ ಆಗುವಾಗ ವಿಂಡೋಸ್ ಆ ಯಂತ್ರದ ಗುರುತನ್ನು ನೆನಪಿಟ್ಟುಕೊಳ್ಳುತ್ತದೆ. ನಿಜವಾದ ಕಂಪ್ಯೂಟರಿನಲ್ಲಿ ಅದು ಮದರ್‌ಬೋರ್ಡು, ಡಿಸ್ಕು, ನೆಟ್‌ವರ್ಕ್ ಕಾರ್ಡು. ವಿಎಂನಲ್ಲಿ ಮದರ್‌ಬೋರ್ಡ್ ಅಂತ ಒಂದು ಇಲ್ಲ. ಅದರ ಬದಲು ಒಂದು ಯುಯುಐಡಿ ಇದೆ, 36 ಅಕ್ಷರಗಳ ಒಂದು ಸಾಲು. ವಿಎಂನ ವಿವರಗಳಿರುವ ಎಕ್ಸ್‌ಎಂಎಲ್ ಫೈಲಿನ ಮೇಲ್ಭಾಗದಲ್ಲೇ ಕಾಣುತ್ತದೆ. ಅದರ ಕೆಳಗೆಲ್ಲೋ ನೆಟ್‌ವರ್ಕ್ ಕಾರ್ಡಿನ ಗುರುತಾದ ಮ್ಯಾಕ್ ವಿಳಾಸ. ಈ ಸಾಲುಗಳು ಬದಲಾದರೆ ವಿಂಡೋಸಿಗೆ ಇದು ಬೇರೆ ಯಂತ್ರ ಅನ್ನಿಸಬಹುದು. ಹಾಗಾಗಿ ಮೊದಲು ಯಂತ್ರ ಪೂರ್ತಿ ಸಿದ್ಧವಾಗಬೇಕು, ಕೀ ಹಾಕುವುದು ಎಲ್ಲಕ್ಕಿಂತ ಕೊನೆಗೆ.

ಇನ್‌ಸ್ಟಾಲ್ ಮಾಡುವಾಗ "ನನ್ನ ಬಳಿ ಕೀ ಇಲ್ಲ" ಒತ್ತಿ ಹೋಮ್ ಆರಿಸಿದೆ. ಒಳಗೆ ಹೋದ ಮೇಲೆ ವರ್ಟ್‌ಐಒ ಗೆಸ್ಟ್ ಟೂಲ್ಸ್ ಹಾಕಿದೆ. ನೆಟ್‌ವರ್ಕ್ ಕಾರ್ಡನ್ನು ಇ1000ಇಯಿಂದ ವರ್ಟ್‌ಐಒಗೆ ಬದಲಾಯಿಸಿದೆ, ಮ್ಯಾಕ್ ಹಾಗೇ ಉಳಿಸಿಕೊಂಡೆ. ಮೆಮೊರಿ, ಪ್ರೊಸೆಸರ್ ಎಷ್ಟು ಬೇಕು ಅಂತ ಎರಡು ದಿನ ಬಳಸಿ ನೋಡಿ ನಿರ್ಧರಿಸಿದೆ. ಅಪ್‌ಡೇಟೆಲ್ಲ ಮುಗಿಸಿದೆ. ಆಕ್ಟಿವೇಟ್ ಆಗದಿದ್ದರೂ ಈ ಕೆಲಸಗಳಿಗೆ ಅಡ್ಡಿ ಇಲ್ಲ. ಮೂಲೆಯಲ್ಲಿ ಆ ಎರಡು ಸಾಲು ಇರುತ್ತದೆ, ವಾಲ್‌ಪೇಪರಿನಂಥ ಸೆಟ್ಟಿಂಗು ಬದಲಾಯಿಸಲು ಬಿಡುವುದಿಲ್ಲ, ಅಷ್ಟೇ. ಮೂರನೇ ದಿನ ಬೆಳಿಗ್ಗೆ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್ ಅಂತ ಹೋಗಿ ಕೀ ಹಾಕಿದೆ. ಅರ್ಧ ನಿಮಿಷದಲ್ಲಿ ಮುಗಿಯಿತು. ಅದು ನನ್ನ ಮೈಕ್ರೋಸಾಫ್ಟ್ ಖಾತೆಗೆ ಸೇರಿದೆ ಅಂತಲೂ ಬಂತು. ಮತ್ತೆ ಅದೇ ಕಮಾಂಡ್ ಕೊಟ್ಟೆ. ರಿಟೇಲ್ ಚಾನೆಲ್. ಆ ಎರಡು ಪದಗಳನ್ನು ನೋಡಿ ಮನಸ್ಸು ಹಗುರಾಯಿತು.

ಇಷ್ಟಾದ ಮೇಲೂ ಒಂದು ಕಡೆ ಎಡವಿದೆ. ಗಿರಾಕಿಗಳು ತರುವ ಪೆನ್‌ಡ್ರೈವುಗಳಲ್ಲಿ ವೈರಸ್ ಜಾಸ್ತಿ. ಅವನ್ನು ತೆರೆದು ನೋಡಲು ಬೇರೆ ವಿಎಂ ಇದ್ದರೆ ಒಳ್ಳೆಯದು ಅಂತ ಇದನ್ನೇ ಕ್ಲೋನ್ (ಯಥಾಪ್ರತಿ) ಮಾಡಿದೆ. ಕ್ಲೋನ್ ಆನ್ ಆಗುತ್ತಿದ್ದಂತೆ ಮೂಲೆಯಲ್ಲಿ ಮತ್ತೆ ಆ ಬೂದು ಸಾಲು. ಕ್ಲೋನ್ ಮಾಡಿದಾಗ ಹೊಸ ಯುಯುಐಡಿ, ಹೊಸ ಮ್ಯಾಕ್ ಬರುತ್ತವೆ. ಹೊಸ ಯಂತ್ರ, ಲೈಸೆನ್ಸ್ ಇಲ್ಲದ್ದು. ಹಳೇ ಯುಯುಐಡಿಯನ್ನೇ ಅಂಟಿಸಿ ದಾಟಿಸಬಹುದಿತ್ತೇನೋ. ಕರಾರು ಓದಿದ ಮೇಲೆ ಆ ಕೆಲಸಕ್ಕೆ ಕೈ ಬರಲಿಲ್ಲ. ಕ್ಲೋನನ್ನು ಅಳಿಸಿ, ಪರೀಕ್ಷೆಗೆ ಅಂತ ಮೈಕ್ರೋಸಾಫ್ಟ್ ಕೊಡುವ ಎಂಟರ್‌ಪ್ರೈಸ್ ಇವ್ಯಾಲ್ಯುಯೇಶನ್ ಪ್ರತಿ ಇಳಿಸಿ ನೋಡಿದೆ. 90 ದಿನ ಉಚಿತ, ಅವಧಿ ಮುಗಿದ ಮೇಲೆ ಗಂಟೆಗೊಮ್ಮೆ ತಾನೇ ಆಫ್ ಆಗುತ್ತದೆ. ಅದು ಇರುವುದು ಕೊಳ್ಳುವ ಮೊದಲು ನೋಡಲಿ ಅಂತ, ದಿನನಿತ್ಯದ ಕೆಲಸಕ್ಕಲ್ಲ. ಕೊನೆಗೆ ಪೆನ್‌ಡ್ರೈವುಗಳನ್ನು ಉಬುಂಟುವಿನಲ್ಲೇ ತೆರೆದು, ಬೇಕಾದ ಫೈಲನ್ನಷ್ಟೇ ವಿಎಂ ಜೊತೆ ಹಂಚಿಕೊಂಡ ಫೋಲ್ಡರಿಗೆ ಹಾಕುವ ಅಭ್ಯಾಸ ಮಾಡಿಕೊಂಡೆ. ಎರಡನೇ ವಿಎಂ ಬೇಕಾಗಲೇ ಇಲ್ಲ.

ಬ್ಯಾಕಪ್ ವಿಷಯವನ್ನೂ ಹೇಳಿಬಿಡುತ್ತೇನೆ. ಡಿಸ್ಕ್ ಫೈಲೊಂದನ್ನೇ ಕಾಪಿ ಮಾಡಿದರೆ ಸಾಲದು. ಎಕ್ಸ್‌ಎಂಎಲ್, ಯುಇಎಫ್‌ಐ ಸೆಟ್ಟಿಂಗ್ ಇರುವ ಎನ್‌ವಿರಾಮ್ ಫೈಲು, ಎಸ್‌ಡಬ್ಲ್ಯೂಟಿಪಿಎಂ ಫೋಲ್ಡರು, ಈ ಮೂರೂ ಜೊತೆಗೆ ಬೇಕು. ನಾನು ಎಸ್‌ಎಸ್‌ಡಿ ಬದಲಾಯಿಸುವಾಗ ಕೊನೆಯದನ್ನು ಮರೆತೆ. ಆಕ್ಟಿವೇಶನ್ ಉಳಿಯಿತು, ಆದರೆ ಒಳಗೆ ಹೋಗುವಾಗ ನಿಮ್ಮ ಪಿನ್ ಸಿಗುತ್ತಿಲ್ಲ ಅಂತ ಬಂತು. ಪಿನ್ನಿನ ಗುಟ್ಟು ಇರುವುದು ಆ ಟಿಪಿಎಂನಲ್ಲಿ. ಖಾತೆಯ ಪಾಸ್‌ವರ್ಡ್ ಕೊಟ್ಟು ಹೊಸ ಪಿನ್ ಮಾಡಿಕೊಂಡೆ.

ನುಡಿಯ ಬಗ್ಗೆ ಎರಡು ಮಾತು. ಅದರಲ್ಲಿ ಕನ್ನಡ, ಇಂಗ್ಲಿಷ್ ನಡುವೆ ಬದಲಾಯಿಸುವುದು ಸ್ಕ್ರೋಲ್ ಲಾಕ್ ಕೀಯಿಂದ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಕೀಯೇ ಇಲ್ಲ! ಮೊದಲ ದಿನ ವಿಂಡೋಸಿನ ಆನ್-ಸ್ಕ್ರೀನ್ ಕೀಬೋರ್ಡ್ ತೆರೆದು ಮೌಸಿನಲ್ಲಿ ಒತ್ತಿದೆ. ಮಾರನೇ ದಿನ ಹಳೇ ಡೆಸ್ಕ್‌ಟಾಪಿನ ಯುಎಸ್‌ಬಿ ಕೀಬೋರ್ಡನ್ನೇ ತಂದು ಸಿಕ್ಕಿಸಿದೆ. ಇನ್ನೊಂದು, ತುಂಗಾ ಫಾಂಟಿನಲ್ಲಿ ಮಾಡಿದ ಹಳೇ ವರ್ಡ್ ಫೈಲುಗಳು. ನಮ್ಮೂರಿನ ಹೊಳೆಯ ಹೆಸರಿನ ಈ ಫಾಂಟು ಎಕ್ಸ್‌ಪಿ ಕಾಲದಿಂದ ಜೊತೆಗಿತ್ತು. ಈಗಿನ ವಿಂಡೋಸಿನಲ್ಲಿ ಅದು ತಾನಾಗಿ ಬರುವುದಿಲ್ಲ. ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಹಾಕಿಕೊಳ್ಳಬೇಕು. ಹಾಕಿದ ತಕ್ಷಣ ಫೈಲುಗಳು ಹಳೇ ರೂಪಕ್ಕೆ ಬಂದವು.

ಅಕ್ಟೋಬರ್ 14ಕ್ಕೆ ಇನ್ನೂ ಮೂರು ವಾರ ಇರುವಾಗ ಡೆಸ್ಕ್‌ಟಾಪಿನ ನೆಟ್ ಕೇಬಲ್ ಕಿತ್ತೆ. ಅದೇ ದಿನ ವಿಎಂನಿಂದ ದಸರಾ ಕವಿಗೋಷ್ಠಿಯ 64 ಪುಟಗಳ ಪುಸ್ತಿಕೆಯನ್ನು ಪ್ರೆಸ್ಸಿಗೆ ಕಳಿಸಿದೆ. ಸಂಜೆ ಅಣ್ಣ ಫೋನ್ ಮಾಡಿದರು.

"ಫೈಲ್ ಬಂತು. ಒತ್ತಕ್ಷರ ಎಲ್ಲ ಸರಿಯಾಗಿ ಕೂತಿವೆ. ಇದು ಹೊಸ ಕಂಪ್ಯೂಟರಿಂದ ಕಳ್ಸಿದ್ದಾ?"

"ಹೌದಣ್ಣ, ಹೊಸದು."

"ಸರಿ ಹಾಗಾದ್ರೆ. ಕವರ್ ಪೇಜ್ ನಾಳೆ ಬೆಳಗ್ಗೆ ಹತ್ತರೊಳಗೆ ಕಳ್ಸು."